ದೂರ ಹೊಡೆಯುವ ಕೋವಿಗಿಂತ ಬೇಗ ಬರುವ ಅಪ್ಪಣೆ ಬೇಕು

ಮಲೆನಾಡಿನ ಗದ್ದೆಗಳಲ್ಲಿ ಕಾಡುಹಂದಿ ಹಾವಳಿ: ರೈಫಲ್ ಬೇಡಿಕೆಯ ಪರಿಶೀಲನೆ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ಹೊತ್ತಿಗೆ ಸಕಲೇಶಪುರ, ಆಲೂರು ಸೀಮೆಯ ಗದ್ದೆಗಳಲ್ಲಿ ಭತ್ತ ಹಾಲು ತುಂಬಿ ತೆನೆ ಬಾಗುತ್ತದೆ. ರೈತನ ಕಣ್ಣು ತೆನೆಯ ಮೇಲಿರುವಂತೆ ಕಾಡುಹಂದಿಯ ಮೂಗೂ ಅದರ ಮೇಲೆಯೇ ಇರುತ್ತದೆ. ಒಂದು ಹಿಂಡು ಒಂದು ರಾತ್ರಿ ಗದ್ದೆಗೆ ಇಳಿದರೆ ಸಾಕು, ನಾಲ್ಕೈದು ತಿಂಗಳ ದುಡಿಮೆ ಬೆಳಗಾಗುವುದರೊಳಗೆ ಕೆಸರಿನಲ್ಲಿ ಮಲಗಿರುತ್ತದೆ. ಹಂದಿ ತಿಂದದ್ದು ಸ್ವಲ್ಪ, ತುಳಿದು ಉರುಳಾಡಿ ಕೆಡಿಸಿದ್ದೇ ಹೆಚ್ಚು ಎಂಬುದು ಗದ್ದೆ ಉಳುವವರಿಗೆಲ್ಲ ಗೊತ್ತಿರುವ ಸಂಗತಿ.

ಶಿರಾಡಿ ಘಾಟಿಯ ನೆತ್ತಿಯಲ್ಲಿರುವ ದೋಣಿಗಲ್‌ನ ಸುತ್ತಿನ ಊರುಗಳನ್ನೇ ನೋಡಿ. ಒಂದು ಮಗ್ಗುಲಿಗೆ ಕಾಫಿ ತೋಟಗಳು, ಇನ್ನೊಂದು ಮಗ್ಗುಲಿಗೆ ಘಾಟಿಯ ದಟ್ಟ ಕಾಡು, ನಡುವೆ ಬೆಂಗಳೂರು - ಮಂಗಳೂರು ಹೆದ್ದಾರಿ ಮತ್ತು ರೈಲು ಹಳಿ. ಇವುಗಳ ಸಂದಿಯಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚಿಕ್ಕ ಚಿಕ್ಕ ಗದ್ದೆಗಳು. ಹಗಲು ಕಾಡಿನಲ್ಲೋ ತೋಟದ ಹಳುವಿನಲ್ಲೋ ಮಲಗಿದ್ದು ಕತ್ತಲಾದೊಡನೆ ಇಳಿದು ಬರುವ ಪ್ರಾಣಿಗೆ ಇದಕ್ಕಿಂತ ಅನುಕೂಲವಾದ ಜಾಗ ಬೇರೆ ಬೇಕಿಲ್ಲ. ಕೂಲಿ ಏರಿತು, ಕಾಯುವ ಆಳು ಸಿಗದಾಯಿತು, ಹಂದಿ ಹೆಚ್ಚಿತು ಎಂದು ಗದ್ದೆಯನ್ನು ಪಾಳು ಬಿಟ್ಟವರು ಮಲೆನಾಡಿನ ಪ್ರತಿ ಊರಿನಲ್ಲೂ ಇದ್ದಾರೆ. ಪಾಳು ಬಿದ್ದ ಗದ್ದೆಯಲ್ಲಿ ಹುಲ್ಲು, ಪೊದೆ ಬೆಳೆದು ಅದೇ ಹಂದಿಗಳಿಗೆ ಹೊಸ ಮನೆಯಾಗುತ್ತದೆ. ಪಕ್ಕದ ಗದ್ದೆಯವನ ಗತಿ ಇನ್ನೂ ಕೆಡುತ್ತದೆ.

ಇಂಥ ಸ್ಥಿತಿಯಲ್ಲಿ ರೈತರ ನಡುವೆ ಈಚೆಗೆ ಒಂದು ಮಾತು ಬಲವಾಗಿ ಕೇಳಿಬರುತ್ತಿದೆ. ಹಳೆಯ ಕೇಪಿನ ಕೋವಿ ಹಿಡಿದು ಕೂತರೆ ಪ್ರಯೋಜನವಿಲ್ಲ, ಅಮೆರಿಕದ ರೈತರಂತೆ ದೂರದರ್ಶಕ ಕೂರಿಸಿದ ರೈಫಲ್ ನಮಗೂ ಬೇಕು, ಗುಡ್ಡದ ಈ ತಲೆಯಲ್ಲಿ ಕೂತು ಆ ತಲೆಯ ಪ್ರಾಣಿಯನ್ನು ಹೊಡೆಯುವಂತಿರಬೇಕು ಎಂಬುದೇ ಆ ಮಾತು. ನೊಂದವರ ಬಾಯಿಂದ ಬಂದ ಮಾತಾದ್ದರಿಂದ ಇದನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಆದರೆ ಈ ಬೇಡಿಕೆ ನಮ್ಮ ನೆಲಕ್ಕೆ, ನಮ್ಮ ಕಾನೂನಿಗೆ, ನಮ್ಮ ಪ್ರಾಣಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ತೂಗಿ ನೋಡುವುದು ಅಗತ್ಯ.

ಅಮೆರಿಕದಲ್ಲಿ ನಡೆಯುವುದೇನು?

ಅಮೆರಿಕದ ಪೂರ್ವ ಭಾಗದ ಹುಲ್ಲುಗಾವಲುಗಳಲ್ಲಿ ಗ್ರೌಂಡ್‌ಹಾಗ್ ಎಂಬ ಪ್ರಾಣಿಯಿದೆ. ಹೆಸರಿನಲ್ಲಿ ಹಂದಿ ಇದ್ದರೂ ಅದು ಹಂದಿಯಲ್ಲ, ಅಳಿಲಿನ ಜಾತಿಗೆ ಸೇರಿದ, ಬಿಲ ತೋಡಿ ವಾಸಿಸುವ ದಂಶಕ. ನಮ್ಮ ಲಡಾಖಿನಲ್ಲಿ ಕಾಣುವ ಮಾರ್ಮೊಟ್ ಇದರ ಹತ್ತಿರದ ನೆಂಟ. ತೂಕ ಎರಡರಿಂದ ಆರು ಕಿಲೋ. ಚಳಿಗಾಲವೆಲ್ಲ ಬಿಲದಲ್ಲಿ ನಿದ್ದೆ, ಬೇಸಿಗೆಯಲ್ಲಿ ಹಗಲು ಹೊತ್ತಿನಲ್ಲಿಯೇ ಹೊರಬಂದು ಮೇವಿನ ಬೆಳೆ, ಸೋಯಾ ಅವರೆ, ತರಕಾರಿಗಳನ್ನು ಮೇಯುತ್ತದೆ. ಅದರ ಬಿಲದಲ್ಲಿ ದನ, ಕುದುರೆಗಳ ಕಾಲು ಸಿಕ್ಕಿ ಮುರಿಯುವುದುಂಟು, ಟ್ರ್ಯಾಕ್ಟರಿನ ಗಾಲಿ ಕುಸಿಯುವುದುಂಟು. ಹೀಗಾಗಿ ಜಮೀನಿನ ಒಡೆಯರು ಬೇಟೆಗಾರರಿಗೆ ತಾವಾಗಿಯೇ ಒಪ್ಪಿಗೆ ಕೊಡುತ್ತಾರೆ.

ಹುಲ್ಲು ಕೊಯ್ದ ಬಯಲಿನಲ್ಲಿ ಮೊಳದುದ್ದದ ಪ್ರಾಣಿ ಹಿಂಗಾಲ ಮೇಲೆ ನಿಂತು ಸುತ್ತ ನೋಡುತ್ತದೆ. ಇನ್ನೂರು, ಮುನ್ನೂರು, ಕೆಲವೊಮ್ಮೆ ಐನೂರು ಗಜ ದೂರದಿಂದ ಬೇಟೆಗಾರ ಗುರಿಯಿಡುತ್ತಾನೆ. ಈ ಬೇಟೆಗೆಂದೇ ಸಣ್ಣ ಗುಂಡಿನ, ಅತಿ ವೇಗದ ರೈಫಲ್‌ಗಳು ಹುಟ್ಟಿಕೊಂಡವು. 1935ರಲ್ಲಿ ಮಾರುಕಟ್ಟೆಗೆ ಬಂದ .220 ಸ್ವಿಫ್ಟ್ ಎಂಬ ತೋಟಾದ ಗುಂಡು ಸೆಕೆಂಡಿಗೆ 4,000 ಅಡಿಗೂ ಮಿಗಿಲಾದ ವೇಗದಲ್ಲಿ ಹಾರುವಂಥದು. ಈ ಗುಂಡುಗಳನ್ನು ತೆಳು ಕವಚದಿಂದ ಮಾಡುತ್ತಾರೆ. ಬಡಿದ ಕೂಡಲೇ ಅದು ಚೂರಾಗಬೇಕು, ಕಲ್ಲಿಗೆ ತಗುಲಿ ಚಿಮ್ಮಿ ಪಕ್ಕದ ಹೊಲದವನಿಗೆ ಬಡಿಯಬಾರದು ಎಂಬುದು ಇದರ ಒಂದು ಉದ್ದೇಶ. ಅಷ್ಟು ವಿಶಾಲವಾದ, ಜನ ವಿರಳವಾದ ಬಯಲಿನಲ್ಲೂ ಪ್ರಾಣಿಯ ಹಿಂದೆ ಗುಂಡನ್ನು ನುಂಗುವ ಮಣ್ಣಿನ ದಿಬ್ಬ ಇಲ್ಲದಿದ್ದರೆ ಕುದುರೆ ಎಳೆಯಬಾರದು ಎಂಬುದೇ ಅಲ್ಲಿ ಕಲಿಸುವ ಮೊದಲ ಪಾಠಗಳಲ್ಲೊಂದು.

ಇಷ್ಟರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಆ ಪ್ರಾಣಿ ಹಗಲಿನದು. ಆ ಜಾಗ ಬಯಲು. ಆ ಬೇಟೆಗೆ ಅಲ್ಲಿನ ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ ಈ ಮೂರೂ ಇಲ್ಲ.

ನಮ್ಮ ಗುಡ್ಡದಲ್ಲಿ ಗುಂಡು ಎಲ್ಲಿ ನಿಲ್ಲುತ್ತದೆ?

ನಮಗೆ ಕಾಟ ಕೊಡುವ ಹಂದಿ ರಾತ್ರಿಯ ಪ್ರಾಣಿ. ಅಡಿಕೆ, ತೆಂಗಿನ ಸಸಿಯ ಬುಡ ಕಡಿಯುವ ಮುಳ್ಳುಹಂದಿಯೂ ಹಾಗೆಯೇ. ಹಂದಿಯ ದೃಷ್ಟಿ ಮಂದ, ಆದರೆ ಮೂಗು ಮತ್ತು ಕಿವಿ ಬಲು ಚುರುಕು. ಗಾಳಿ ತಿರುಗಿದರೆ ಕಾವಲುಗಾರನ ಬೀಡಿಯ ವಾಸನೆ ಹಿಡಿದು ಗದ್ದೆಯ ಇನ್ನೊಂದು ಮೂಲೆಗೆ ಹೋಗುತ್ತದೆ. ಮಂಜು ಕವಿದ ರಾತ್ರಿಯಲ್ಲಿ ಟಾರ್ಚಿನ ಬೆಳಕಿಗೆ ಕಾಣುವುದು ಮೂವತ್ತು, ನಲವತ್ತು ಗಜ. ಅದರಾಚೆ ಕಂಡದ್ದು ಹಂದಿಯೋ, ಕರುವೋ, ಹೆಗಲ ಮೇಲೆ ಕಂಬಳಿ ಹೊದ್ದು ಬಗ್ಗಿ ನಡೆಯುವ ಮನುಷ್ಯನೋ ಹೇಳಲಾಗದು. ಹಂದಿಯೆಂದು ತಿಳಿದು ಹೊಡೆದ ಗುಂಡಿಗೆ ತೋಟದಲ್ಲಿ ಮನುಷ್ಯ ಬಲಿಯಾದ ಸುದ್ದಿಗಳು ಮಲೆನಾಡಿಗೆ ಹೊಸವಲ್ಲ.

ಕೇಪಿನ ಕೋವಿಯ ಚರೆ ನಲವತ್ತು ಗಜದಾಚೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಅದು ಆ ಕೋವಿಯ ಕೊರತೆ ಎಂದು ನಾವು ತಿಳಿದಿದ್ದೇವೆ. ಜನವಸತಿಯ ನಡುವೆ ಅದೇ ಅದರ ಗುಣ. ರೈಫಲ್‌ನ ಮಾತು ಬೇರೆ. ತೀರ ಸಣ್ಣದೆನ್ನುವ .22 ರೈಫಲ್‌ನ ಗುಂಡು ಕೂಡ ಗುರಿ ತಪ್ಪಿದರೆ ಒಂದು ಮೈಲಿಗೂ ಮಿಗಿಲಾಗಿ ಸಾಗಬಲ್ಲದು; ದೊಡ್ಡ ರೈಫಲ್‌ಗಳ ಗುಂಡು ಅದಕ್ಕಿಂತ ಬಹಳ ದೂರ ಹೋಗುತ್ತದೆ. ದೋಣಿಗಲ್‌ನ ಗದ್ದೆಯೊಂದರ ಬದುವಿನ ಮೇಲೆ ನಿಂತು ಸುತ್ತ ಒಂದು ಮೈಲಿಯ ವೃತ್ತ ಎಳೆದು ನೋಡಿ. ಅದರೊಳಗೆ ತೋಟದ ಕೂಲಿ ಲೈನಿದೆ, ಹೆದ್ದಾರಿಯ ಲಾರಿಗಳಿವೆ, ಹಳಿ ಪರೀಕ್ಷಿಸುತ್ತಾ ನಡೆಯುವ ರೈಲ್ವೆ ಕೆಲಸಗಾರನಿದ್ದಾನೆ, ಪಕ್ಕದ ಗದ್ದೆಯ ಅಟ್ಟಣೆಯಲ್ಲಿ ನಿಮ್ಮಂತೆಯೇ ಕಾವಲು ಕೂತ ನೆರೆಯವನಿದ್ದಾನೆ. ಇಳಿಜಾರಿನ ಕೆಳಗಿನಿಂದ ಮೇಲಕ್ಕೆ ಹೊಡೆದ ಗುಂಡು ಗುಡ್ಡದ ನೆತ್ತಿ ದಾಟಿದರೆ ಅದು ಎಲ್ಲಿ ಇಳಿಯಿತೆಂದು ಹೊಡೆದವನಿಗೂ ತಿಳಿಯದು.

ಇಲ್ಲಿ ದೂರದಿಂದ ಹೊಡೆಯುವುದು ಪಳಗಿದವರಿಗೂ ಎಷ್ಟು ಕಷ್ಟವೆಂಬುದಕ್ಕೆ ಒಂದು ನೋವಿನ ನಿದರ್ಶನವಿದೆ. ಆನೆಗಳಿಗೆ ಅರಿವಳಿಕೆ ಚುಚ್ಚುಮದ್ದು ಹೊಡೆಯುವುದರಲ್ಲಿ ಹೆಸರಾಗಿದ್ದ ‘ಆನೆ ವೆಂಕಟೇಶ್’ ಅವರು 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರು ಬಳಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಮದ್ದು ಹೊಡೆಯುವ ಕಾರ್ಯಾಚರಣೆಯಲ್ಲಿ ಅದೇ ಆನೆಯ ದಾಳಿಗೆ ತುತ್ತಾದರು. ಅರಿವಳಿಕೆಯ ಕೋವಿಗೆ ಹತ್ತಿರ ಹೋಗಲೇಬೇಕು. ನಮ್ಮ ತೋಟ, ಹಳುಗಳ ನಡುವೆ ಹತ್ತಿರವೆಂದರೆ ಪ್ರಾಣಿಯ ಕಾಲ ಬುಡ. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿಯ ಕಾಡಿನಲ್ಲಿ, ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಡನೆ ಕಾದಾಡಿ ಸತ್ತಿತು. ನೂರಾರು ಆನೆಗಳ ನಡುವೆ ಪಳಗಿದವರಿಗೂ ಈ ನೆಲ ಬಿಟ್ಟುಕೊಡುವ ಅಂತರ ಇಷ್ಟೇ.

ಎರಡು ಕಾನೂನು, ಎರಡು ಅಪ್ಪಣೆ

ರೈತರಲ್ಲಿ ಬಹು ಮಂದಿಗೆ ಇರುವ ತಪ್ಪು ತಿಳಿವಳಿಕೆಯೆಂದರೆ, ಬೆಳೆ ರಕ್ಷಣೆಯ ಕೋವಿಗೆ ಲೈಸೆನ್ಸು ಇದ್ದರೆ ಬೆಳೆಗೆ ಬಂದ ಪ್ರಾಣಿಯನ್ನು ಹೊಡೆಯಬಹುದು ಎಂಬುದು. ಇದು ಸರಿಯಲ್ಲ. ಕೋವಿ ಇಟ್ಟುಕೊಳ್ಳಲು ಅಪ್ಪಣೆ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಪ್ರಾಣಿಯನ್ನು ಹೊಡೆಯಲು ಅಪ್ಪಣೆ ಕೊಡಬೇಕಾದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಒಂದರ ಚೀಟಿ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಮೊದಲು ಕೋವಿಯ ವಿಚಾರ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯ ಜಾತಿಯನ್ನು. ಅದು ಸಾಲದು ಎಂದು ಲೈಸೆನ್ಸು ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಬೇರೆ ಕೋವಿಗೂ, ಅಂದರೆ ತೋಟಾ ಕೋವಿಗೂ, ಲೈಸೆನ್ಸು ಕೊಡಬಹುದು. ನಳಿಗೆಯೊಳಗೆ ಸುರುಳಿ ಗೆರೆ ಕೊರೆದ ರೈಫಲ್ ಈ ಸೌಲಭ್ಯದಲ್ಲಿ ಬರುವುದಿಲ್ಲ. ಅದನ್ನು ಬಯಸುವವರು ಬೇರೆ ಸಕಾರಣ ತೋರಿಸಿ ಅಧಿಕಾರಿಯನ್ನು ಒಪ್ಪಿಸಬೇಕು. ಕಾಯ್ದೆ ಬರೆದವರು ರೈತನಿಗೆ ಹತ್ತಿರ ಹೊಡೆಯುವ ಕೋವಿಯನ್ನೇ ಮನಸ್ಸಿನಲ್ಲಿಟ್ಟಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಇದೇ ಕಾಯ್ದೆಯಲ್ಲಿ ಸಣ್ಣ ಹಿಡುವಳಿದಾರರು ನೆನಪಿಡಬೇಕಾದ ಒಂದು ಮಾತಿದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ ಎಂದು 14ನೇ ಕಲಂ ಹೇಳುತ್ತದೆ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. 18ನೇ ಕಲಮಿನಂತೆ ಮೇಲ್ಮನವಿ ಸಲ್ಲಿಸಬಹುದು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಅದೇ ತಿದ್ದುಪಡಿ ಶಿಕ್ಷೆಯನ್ನೂ ಬಿಗಿ ಮಾಡಿದೆ. ಲೈಸೆನ್ಸಿಲ್ಲದ ಕೋವಿ ಇಟ್ಟುಕೊಂಡವರಿಗೆ ಎರಡರಿಂದ ಐದು ವರ್ಷ ಸಜೆ. ಲೈಸೆನ್ಸಿಲ್ಲದೆ ಕೋವಿ ತಯಾರಿಸಿದವರಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸಜೆ. ಅಜ್ಜನ ಕಾಲದ್ದೆಂದು ಅಟ್ಟದ ಮೇಲೆ ಇಟ್ಟಿರುವ ನಾಡಕೋವಿಗೂ ಇದು ಅನ್ವಯಿಸುತ್ತದೆ.

ಇನ್ನು ಪ್ರಾಣಿಯ ವಿಚಾರ. 1972ರ ಕಾಯ್ದೆಯಲ್ಲಿ ಮೊದಲು ಬೇಟೆಗೆ ಲೈಸೆನ್ಸು ಕೊಡುವ ಏರ್ಪಾಡಿತ್ತು. 1991ರ ತಿದ್ದುಪಡಿಯ ನಂತರ ಆ ಬಾಗಿಲು ಮುಚ್ಚಿತು. ಉಳಿದಿರುವ ಕಿಂಡಿ 11ನೇ ಕಲಂ. ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣ ತೋರಿಸಿ, ಲಿಖಿತ ಅಪ್ಪಣೆ ಕೊಡಬಹುದು. ಕಾಡುಹಂದಿ ಈ ಅನುಸೂಚಿಯಲ್ಲಿದೆ. ಆನೆ ಮೊದಲನೆಯ ಅನುಸೂಚಿಯದು. ಬೆಳೆ ತಿಂದಿತೆಂದು ಅದರ ಮೇಲೆ ಕೋವಿ ಎತ್ತುವ ಮಾತೇ ಇಲ್ಲ. ಚರೆ ತಗುಲಿದ ಆನೆ ಓಡಿಹೋಗುವುದಿಲ್ಲ, ಕೀವು ತುಂಬಿದ ಗಾಯ ಹೊತ್ತು ನಾಳೆ ಕಾಫಿ ಕೊಯ್ಯುವ ಹೆಂಗಸರ ಎದುರಿಗೆ ನಿಲ್ಲುತ್ತದೆ ಎಂಬುದನ್ನೂ ಮರೆಯಬಾರದು.

ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ ಎಂದು ಅದೇ ಕಲಂ ಹೇಳುತ್ತದೆ. ಈ ರಕ್ಷಣೆ ಮನುಷ್ಯನ ಜೀವಕ್ಕೆ ಮಾತ್ರ, ಭತ್ತಕ್ಕಲ್ಲ. ಹೊಡೆದ ಪ್ರಾಣಿ ಸರ್ಕಾರದ ಸ್ವತ್ತು. ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಒಡ್ಡುವುದು, ವಿಷ ಇಡುವುದು, ಬಲೆ ಬೀಸುವುದು ಎಲ್ಲವೂ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ.

ನೆರೆಯ ಕೊಡಗಿನಲ್ಲಿ ಲೈಸೆನ್ಸೇ ಬೇಕಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ರಾಜ್ಯ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯಿಂದ ಮಾತ್ರ. ವನ್ಯಜೀವಿ ಕಾಯ್ದೆ ಕೊಡಗಿನ ಗದ್ದೆಗೂ ದೋಣಿಗಲ್‌ನ ಗದ್ದೆಗೂ ಒಂದೇ.

ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ

ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲವಾದರೆ ಕೋವಿಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಗಾಳಿಗೆ ಹಾರಿಸಿದ ಒಂದು ಗುಂಡಿನ ಸದ್ದು ಹಿಂಡನ್ನು ಆ ರಾತ್ರಿಯ ಮಟ್ಟಿಗಾದರೂ ಓಡಿಸುತ್ತದೆ. ಡಬ್ಬ ಬಡಿತಕ್ಕೆ, ಗರ್ನಾಲಿಗೆ ಒಗ್ಗಿಹೋದ ಹಂದಿಗಳಿಗೂ ಕೋವಿಯ ಸದ್ದಿನ ಭಯ ಸ್ವಲ್ಪ ಉಳಿದಿದೆ. ಅಷ್ಟಕ್ಕೇ ರೈತ ಅದನ್ನು ನಂಬಿರುವುದು.

ಚುನಾವಣೆ ಬಂತೆಂದರೆ ಆ ನಂಬಿಕೆಯೂ ಹೋಗುತ್ತದೆ. ನೀತಿಸಂಹಿತೆ ಜಾರಿಯಾದೊಡನೆ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕೆಂಬ ಆದೇಶ ಹೊರಡುತ್ತದೆ. ಲೋಕಸಭೆ, ವಿಧಾನಸಭೆಗಳ ಚುನಾವಣೆ ಈಚೆಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ನಡೆದಿವೆ. ಆಗ ಗದ್ದೆ ಬರಿದಾಗಿರುತ್ತದೆ. ಆದರೆ 2020ರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯ ಮತದಾನ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ಮಲೆನಾಡಿನಲ್ಲಿ ಅದು ಕೊಯ್ಲಿನ ಹೊತ್ತು. ಕೋವಿ ಠಾಣೆಯ ಕಪಾಟಿನಲ್ಲಿರಬೇಕಾದ ಕಾಲವೂ ಹಂದಿ ಗದ್ದೆಯಲ್ಲಿರುವ ಕಾಲವೂ ಒಂದೇ ಆಗುವುದು ಹೀಗೆ.

ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಕಿತ್ತುಕೊಳ್ಳಬೇಕೆಂದು ಚುನಾವಣಾ ಆಯೋಗವೂ ಹೇಳಿಲ್ಲ. ಬೊಂಬಾಯಿ ಹೈಕೋರ್ಟಿನ 2009ರ ತೀರ್ಪಿನ ನಂತರ, ಯಾರ ಕೋವಿಯನ್ನು ಒಪ್ಪಿಸಿಕೊಳ್ಳಬೇಕು ಎಂಬುದನ್ನು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸಬೇಕೆಂಬುದು ಆಯೋಗದ ಸೂಚನೆ. ಆದ್ದರಿಂದ ಬೆಳೆ ರಕ್ಷಣೆಯ ಲೈಸೆನ್ಸುದಾರರು ಪಹಣಿ, ಬೆಳೆಯ ವಿವರ, ಹಿಂದೆ ಬೆಳೆ ಹಾನಿಯಾದದ್ದಕ್ಕೆ ದಾಖಲೆ ಇವುಗಳೊಡನೆ ಆ ಸಮಿತಿಗೆ ಮುಂಚಿತವಾಗಿಯೇ ಬರೆದುಕೊಳ್ಳುವುದು ಒಳ್ಳೆಯದು. ಒಬ್ಬೊಬ್ಬರು ಕೇಳುವ ಬದಲು ಊರಿನ ಲೈಸೆನ್ಸುದಾರರೆಲ್ಲ ಒಟ್ಟಾಗಿ ಅರ್ಜಿ ಕೊಟ್ಟರೆ ಅದಕ್ಕೆ ಹೆಚ್ಚು ತೂಕ ಬರುತ್ತದೆ.

ಅಪ್ಪಣೆ ತಡವಾದರೆ ಆಗುವುದೇನು?

ಭತ್ತ ಹಾಲು ತುಂಬುವುದರಿಂದ ಕೊಯ್ಲಿನವರೆಗೆ ಸಿಗುವುದು ಒಂದು ತಿಂಗಳು. ಅರ್ಜಿಯೊಂದು ವಲಯ ಕಚೇರಿಯಿಂದ ವಿಭಾಗಕ್ಕೆ, ಅಲ್ಲಿಂದ ಮೇಲಕ್ಕೆ ಹೋಗಿ ಹಿಂದಿರುಗುವುದರೊಳಗೆ ಗದ್ದೆಯಲ್ಲಿ ಕಾಯಲು ಏನೂ ಉಳಿದಿರುವುದಿಲ್ಲ. ಹಂದಿಯೋ, ಸುಮಾರು ನಾಲ್ಕು ತಿಂಗಳಿಗೆ ಗಬ್ಬ ತೀರಿಸಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿ. ಕಡತ ನಿಧಾನವಾಗಿ ಚಲಿಸಿದಷ್ಟೂ ಹಿಂಡು ದೊಡ್ಡದಾಗುತ್ತದೆ.

ಕಾನೂನಿನ ದಾರಿ ನಿಧಾನವಾದಾಗ ಮನುಷ್ಯ ಕಳ್ಳದಾರಿ ಹುಡುಕುತ್ತಾನೆ. ಕ್ಲಚ್ಚಿನ ತಂತಿಯ ಉರುಳು, ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು, ಮನೆಯ ಕರೆಂಟಿನಿಂದ ನೇರ ಎಳೆದ ಬೇಲಿ ತಂತಿ. ಇವುಗಳ ಕೆಡುಕು ಒಂದೇ: ಬಂದದ್ದು ಯಾವುದೆಂದು ಇವು ನೋಡುವುದಿಲ್ಲ. ಉರುಳಿಗೆ ಚಿರತೆ ಬೀಳುತ್ತದೆ, ಸಿಡಿಮದ್ದನ್ನು ಹಸು ಕಚ್ಚುತ್ತದೆ, 230 ವೋಲ್ಟಿನ ತಂತಿಗೆ ಬೆಳಗಿನ ಜಾವ ನೀರು ತಿರುಗಿಸಲು ಹೋದ ಸ್ವಂತ ಮಗನೇ ತಗುಲಬಹುದು. ಹೀಗೆ ನಡೆದಾಗ ರೈತ ಬೆಳೆ ಕಳೆದುಕೊಂಡವನಾಗಿ ಉಳಿಯುವುದಿಲ್ಲ, ಜೀವಹಾನಿಯ ಅಪರಾಧದ ಆರೋಪಿಯಾಗುತ್ತಾನೆ. ಕರೆಂಟು ಬೇಲಿಯ ವಿರುದ್ಧ ಇಲಾಖೆಗಳು ಎಚ್ಚರಿಕೆ ಹೊರಡಿಸುವುದು ಸರಿಯೇ. ಆದರೆ ಆ ಎಚ್ಚರಿಕೆಯ ಜೊತೆಗೆ ಬೇಗ ನಡೆಯುವ ಸರಿದಾರಿಯನ್ನೂ ತೋರಿಸಬೇಡವೇ?

ಬಿಹಾರ ಮತ್ತು ಕೇರಳದ ಪಾಠ

ಬೇರೆ ರಾಜ್ಯಗಳು ಎರಡು ದಾರಿ ಹಿಡಿದಿವೆ. ಒಂದು, ಪ್ರಾಣಿಯನ್ನೇ ‘ಪೀಡಕ ಪ್ರಾಣಿ’ ಎಂದು ಸಾರಿಸುವುದು. ವನ್ಯಜೀವಿ ಕಾಯ್ದೆಯ 62ನೇ ಕಲಮಿನಂತೆ ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಹಾಗೆ ಸಾರಬಹುದು. 2015ರ ಡಿಸೆಂಬರಿನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿ ಮತ್ತು ಕಾಡುಹಂದಿಯನ್ನು ಒಂದು ವರ್ಷದ ಮಟ್ಟಿಗೆ ಹೀಗೆ ಸಾರಲಾಯಿತು. 2016ರ ಜೂನ್‌ನಲ್ಲಿ ಮೊಕಾಮಾ ಬಯಲಿನಲ್ಲಿ ಹೊರಗಿನಿಂದ ಕರೆಸಿದ ಬಂದೂಕುದಾರರು ಕೆಲವೇ ದಿನಗಳಲ್ಲಿ ಇನ್ನೂರೈವತ್ತರಷ್ಟು ನೀಲಗಾಯಿಗಳನ್ನು ಹೊಡೆದರು. ಕೇಂದ್ರದ ಇಬ್ಬರು ಮಂತ್ರಿಗಳ ನಡುವೆಯೇ ಬಹಿರಂಗ ಜಗಳವಾಯಿತು. ಗಮನಿಸಬೇಕಾದ್ದು ಬೇರೆ: ಮೊಕಾಮಾ ವಿಶಾಲವಾದ ಬಯಲು, ನೀಲಗಾಯಿ ಹಗಲು ಕಾಣುವ ದೊಡ್ಡ ಪ್ರಾಣಿ. ಅಮೆರಿಕದ ಹುಲ್ಲುಗಾವಲಿಗೆ ಹತ್ತಿರವಾದ ಚಿತ್ರ ಅದು. ನಮ್ಮ ಘಾಟಿಯ ತಲೆಗೆ ಆ ಲೆಕ್ಕ ಹಿಡಿಯದು.

ಇನ್ನೊಂದು ದಾರಿ ಕೇರಳದ್ದು. ಕಾಡುಹಂದಿಯನ್ನು ಪೀಡಕವೆಂದು ಸಾರಬೇಕೆಂಬ ಅದರ ಕೋರಿಕೆಗೆ ಕೇಂದ್ರ ಒಪ್ಪಲಿಲ್ಲ. ಆಗ ಆ ರಾಜ್ಯ 11ನೇ ಕಲಮಿನ ಕಿಂಡಿಯನ್ನೇ ಅಗಲ ಮಾಡಿತು. 2022ರ ಮೇ ತಿಂಗಳಲ್ಲಿ, ಪಂಚಾಯಿತಿ ಅಧ್ಯಕ್ಷರು ಮತ್ತು ಪುರಸಭೆಗಳ ಮುಖ್ಯಸ್ಥರನ್ನು ಗೌರವ ವನ್ಯಜೀವಿ ಪಾಲಕರನ್ನಾಗಿ ಮಾಡಿ, ತಮ್ಮ ವ್ಯಾಪ್ತಿಯಲ್ಲಿ ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಸುವ ಅಧಿಕಾರವನ್ನು ಅವರಿಗೆ ಕೊಡಲು ಸಂಪುಟ ತೀರ್ಮಾನಿಸಿತು. ಹೊಡೆಯುವವರು ಲೈಸೆನ್ಸುಳ್ಳ ಕೋವಿದಾರರೇ ಆಗಿರಬೇಕು. ವಿಷ, ಸಿಡಿಮದ್ದು, ಕರೆಂಟು ಕೂಡದು. ಸತ್ತ ಹಂದಿಯನ್ನು ಹೂಳಬೇಕು. ಅಪ್ಪಣೆ ಕೊಡುವವನು ಊರಿನಲ್ಲೇ ಇದ್ದಾನೆ, ಹಂದಿ ಬಂದ ಮಾರನೆಯ ದಿನವೇ ಹೋಗಿ ಕೇಳಬಹುದು. ಕಾಸರಗೋಡಿನ ನಮ್ಮ ಕನ್ನಡ ರೈತರೂ ಈ ವ್ಯವಸ್ಥೆಯೊಳಗೆ ಬರುತ್ತಾರೆ. ಇದೂ ರಾಮಬಾಣವಲ್ಲ, ಲೈಸೆನ್ಸುಳ್ಳ, ಪಳಗಿದ ಕೋವಿದಾರರು ಎಲ್ಲ ಪಂಚಾಯಿತಿಗಳಲ್ಲೂ ಸಿಗುವುದಿಲ್ಲ. ಆದರೆ ಕಾಯ್ದೆಯನ್ನು ಮುರಿಯದೆ ಅಪ್ಪಣೆಯನ್ನು ಹಳ್ಳಿಯ ಹತ್ತಿರ ತರಬಹುದೆಂಬುದನ್ನು ಅದು ತೋರಿಸಿಕೊಟ್ಟಿದೆ. ಇದಕ್ಕೆ ಯಾವ ಹೊಸ ಕೋವಿಯೂ ಬೇಕಾಗಲಿಲ್ಲ.

ನಮ್ಮ ಕೈಯಲ್ಲಿರುವುದು

ಸರ್ಕಾರ ಮಾಡಬೇಕಾದ್ದು ಹಾಗಿರಲಿ, ರೈತರು ತಾವೇ ಮಾಡಿಕೊಳ್ಳಬಹುದಾದ್ದೂ ಇದೆ. ಒಂದು ಬಯಲಿನ ಗದ್ದೆಗಳೆಲ್ಲ ಒಂದೇ ವಾರದಲ್ಲಿ ನಾಟಿಯಾದರೆ ಒಂದೇ ವಾರದಲ್ಲಿ ತೆನೆಗೆ ಬರುತ್ತವೆ. ಕಾವಲಿನ ದಿನಗಳು ಕಡಿಮೆಯಾಗುತ್ತವೆ, ಮನೆಗೊಬ್ಬರಂತೆ ಸರದಿ ಹಾಕಿಕೊಳ್ಳಬಹುದು. ಬೇರೆ ಬೇರೆ ಹೊತ್ತಿಗೆ ಮಾಗಿದರೆ ಹಂದಿಗೆ ಎರಡು ತಿಂಗಳ ಔತಣ. ಗದ್ದೆಯಂಚಿನ ಲಂಟಾನ, ಜರಿ ಪೊದೆಗಳನ್ನು ಮಳೆ ನಿಂತೊಡನೆ ಸವರಿದರೆ ಹಿಂಡಿಗೆ ಮರೆ ಸಿಗುವುದಿಲ್ಲ.

ಸೋಲಾರ್ ಬೇಲಿ ಹಾಕುವವರು ಆನೆಗೆಂದು ಎತ್ತರದಲ್ಲಿ ತಂತಿ ಎಳೆದು ಹಂದಿಯನ್ನು ಮರೆಯುತ್ತಾರೆ. ಹಂದಿಗೆ ಮೊಳಕಾಲಿನ ಕೆಳಗೆ ಎರಡು ತಂತಿ ಬೇಕು. ಕೆಳಗಿನದು ನೆಲದಿಂದ ಒಂದು ಗೇಣಿಗೆ ಮೀರಬಾರದು. ಮಲೆನಾಡಿನ ಮಳೆಗೆ ಹುಲ್ಲು ವಾರದೊಳಗೆ ಬೆಳೆದು ತಂತಿಗೆ ತಾಗುತ್ತದೆ, ತಾಗಿದೊಡನೆ ಶಕ್ತಿ ನೆಲಕ್ಕೆ ಸೋರುತ್ತದೆ. ಹುಲ್ಲು ಸವರದವನ ಬೇಲಿ ಬರೀ ದಾರ. ಈ ಬೇಲಿ ಕ್ಷಣಮಾತ್ರದ ಪೆಟ್ಟು ಕೊಟ್ಟು ಬಿಡುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಒಬ್ಬನ ಗದ್ದೆಗೆ ಹಾಕಿದರೆ ಹಂದಿ ಪಕ್ಕದವನ ಗದ್ದೆಗೆ ಹೋಗುತ್ತದಾದ್ದರಿಂದ ಇಡೀ ಬಯಲಿಗೆ ಒಂದೇ ಬೇಲಿ ಹಾಕುವುದು ಲಾಭ.

ಬೆಳೆ ಹಾನಿಯಾದರೆ ಅಂದೇ, ಹೆಜ್ಜೆ ಗುರುತು ಅಳಿಯುವ ಮೊದಲೇ, ದಿನಾಂಕ ಕಾಣುವಂತೆ ಫೋಟೋ ತೆಗೆದು ಪಹಣಿಯೊಡನೆ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಬೇಕು. ಅರಣ್ಯ ಇಲಾಖೆಯ ‘ಇ-ಪರಿಹಾರ’ ವ್ಯವಸ್ಥೆಯಲ್ಲಿ ಅದು ದಾಖಲಾಗುವಂತೆ ನೋಡಿಕೊಳ್ಳಬೇಕು. ಸಿಗುವ ಹಣ ಕಡಿಮೆಯೆಂದು ಅರ್ಜಿಯನ್ನೇ ಕೊಡದವರು ಬಹಳ. ಹಾಗೆ ಬಿಟ್ಟರೆ ಸರ್ಕಾರದ ಪುಸ್ತಕದಲ್ಲಿ ನಮ್ಮ ಊರಿಗೆ ಹಂದಿ ಬಂದೇ ಇಲ್ಲ ಎಂದಾಗುತ್ತದೆ. ನಾಳೆ ಅಪ್ಪಣೆ ಕೇಳುವಾಗಲೂ, ಚುನಾವಣೆಯಲ್ಲಿ ಕೋವಿ ಉಳಿಸಿಕೊಳ್ಳುವಾಗಲೂ ಈ ಅರ್ಜಿಗಳೇ ಸಾಕ್ಷಿ.

ಬೆಳೆ ವಿಮೆಯಲ್ಲೂ ಒಂದು ಬಾಗಿಲು ತೆರೆದಿದೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳಿಂದಾದ ಹಾನಿಯನ್ನೂ ಹೆಚ್ಚುವರಿ ರಕ್ಷಣೆಯಾಗಿ ಸೇರಿಸಿ, 2026ರ ಮುಂಗಾರಿನಿಂದ ಜಾರಿಗೆ ತರುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಹಾನಿಯಾದ 72 ಗಂಟೆಗಳೊಳಗೆ, ಸ್ಥಳದ ಗುರುತು ಸಹಿತವಾದ ಫೋಟೋದೊಡನೆ ಮೊಬೈಲಿನ ಮೂಲಕ ತಿಳಿಸಬೇಕೆಂಬುದು ಷರತ್ತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಸರ್ಕಾರಗಳು ಗುರುತಿಸಿ ಪ್ರಕಟಿಸಬೇಕು. ಆ ಪಟ್ಟಿಯಲ್ಲಿ ಹಾಸನ ಜಿಲ್ಲೆಯ ಮಲೆನಾಡು ತಾಲ್ಲೂಕುಗಳೂ ಕಾಡುಹಂದಿಯೂ ಇರುವಂತೆ ನೋಡಿಕೊಳ್ಳುವುದು ನಮ್ಮ ಶಾಸಕರ, ರೈತ ಸಂಘಟನೆಗಳ ಹೊಣೆ.

ಕೇಳಬೇಕಾದ್ದು ಯಾವುದು?

ಮೇಲಿನದನ್ನೆಲ್ಲ ನೋಡಿದರೆ ರೈತನ ಬೇಡಿಕೆ ಯಾವ ಕಡೆ ತಿರುಗಬೇಕೆಂಬುದು ಸ್ಪಷ್ಟ. ರೈಫಲ್ ಸಿಕ್ಕರೂ 11ನೇ ಕಲಮಿನ ಚೀಟಿ ಇಲ್ಲದೆ ಅದರ ಕುದುರೆ ಎಳೆಯುವಂತಿಲ್ಲ. ಚೀಟಿ ಸಿಕ್ಕರೆ ಮೂವತ್ತು ಗಜದಲ್ಲಿ ನಿಂತ ಹಂದಿಗೆ ತೋಟಾ ಕೋವಿಯೇ ಸಾಕು.

ಆದ್ದರಿಂದ ಕೇಳಬೇಕಾದ್ದು ಇಷ್ಟು: ಕಾಡುಹಂದಿಯ ಮಟ್ಟಿಗೆ ಅಪ್ಪಣೆ ಕೊಡುವ ಅಧಿಕಾರ ರೈತನಿಗೆ ಒಂದೇ ದಿನದಲ್ಲಿ ಹೋಗಿಬರಬಹುದಾದ ಅಧಿಕಾರಿಯ ಕೈಯಲ್ಲಿರಲಿ. ಅರ್ಜಿಗೆ ಹೌದೋ ಅಲ್ಲವೋ ಎಂಬ ಉತ್ತರ ದಿನಗಳ ಲೆಕ್ಕದಲ್ಲಿ ಬರಲಿ, ತಿಂಗಳ ಲೆಕ್ಕದಲ್ಲಲ್ಲ. ಪ್ರತಿ ಪಂಚಾಯಿತಿಯಲ್ಲೂ ಲೈಸೆನ್ಸುಳ್ಳ, ಎಲ್ಲಿ ಹೊಡೆಯಬಾರದೆಂದು ಬಲ್ಲ ನಾಲ್ಕು ಜನರ ಪಟ್ಟಿಯಿರಲಿ. ತೆನೆ ಕಟ್ಟುವ ಕಾಲಕ್ಕೆ ಚುನಾವಣೆ ಬಂದರೆ ಬೆಳೆ ರಕ್ಷಣೆಯ ಕೋವಿಗಳನ್ನು ಸಮಿತಿ ಮೊದಲೇ ಪ್ರತ್ಯೇಕಿಸಿ ನೋಡಲಿ.

ಇವುಗಳಲ್ಲಿ ಯಾವುದಕ್ಕೂ ಕಾಯ್ದೆ ತಿದ್ದುವ ಅಗತ್ಯವಿಲ್ಲ, ಆದೇಶಗಳು ಸಾಕು. ಮುಂದಿನ ಮಾರ್ಗಶಿರಕ್ಕೆ ಮುಂಚೆ ಆ ಆದೇಶಗಳು ಹೊರಟರೆ ದೋಣಿಗಲ್‌ನ ಗದ್ದೆಗಳಲ್ಲಿ ಕೆಲವಾದರೂ ಪಾಳು ಬೀಳದೆ ಉಳಿದಾವು. ಹೊರಡದಿದ್ದರೆ ರೈತ ಬೇಲಿಗೆ ಮನೆಯ ಕರೆಂಟು ಎಳೆಯುವುದನ್ನು ತಡೆಯುವವರು ಯಾರು?